ಕುಕ್ಕರ್ ಮೂರು ಸಲ ಕೂಗಿದರೂ ಹುಂಜ ಬೇಯಲಿಲ್ಲ, ಎಲ್ಲಿ ತಪ್ಪಿದೆವು?

ಹಿತ್ತಲ ಬಾಗಿಲು, ತುಮಕೂರು

ಎಲ್ಲರಿಗೂ ನಮಸ್ಕಾರ. ಊರಿನ ಅಂಚಿನಲ್ಲಿ ನಮ್ಮದೊಂದು 30x40 ಮನೆ. ಪಕ್ಕದ ಖಾಲಿ ಸೈಟು ಭಾವನವರದು, ಅವರು ಕಟ್ಟುವವರೆಗೆ ನಮ್ಮ ಕೋಳಿಗಳದು. ಅತ್ತೆ ಮನೆಯಿಂದ ಒಂದು ಹೇಂಟೆ, 11 ಮೊಟ್ಟೆ ತಂದು ಕಾವಿಗೆ ಕೂರಿಸಿದ್ದೆವು. 9 ಮರಿ ಆದವು. ಒಂದನ್ನು ಹದ್ದು ಎತ್ತಿಕೊಂಡು ಹೋಯಿತು. ಉಳಿದ ಎಂಟರಲ್ಲಿ ಐದು ಹುಂಜ! ಈಗ ಅವಕ್ಕೆ 14 ತಿಂಗಳು. ಬೆಳಗಿನ ಜಾವ 4ಕ್ಕೆ ಒಂದು ಶುರು ಮಾಡಿದರೆ ಉಳಿದವೂ ಸೇರಿಕೊಳ್ಳುತ್ತವೆ. ಎದುರು ಮನೆಯ ಮೇಷ್ಟ್ರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಗೇಟು ಮಾತ್ರ ಸ್ವಲ್ಪ ಜೋರಾಗಿ ಹಾಕುತ್ತಾರೆ.

ಹೋದ ಭಾನುವಾರ ಒಂದನ್ನು ಕೊಯ್ಯುವುದು ಅಂತ ತೀರ್ಮಾನ ಆಯ್ತು. ಕೊಯ್ದಿದ್ದು ನಾನಲ್ಲ, ನನಗೆ ಕೈ ಬರಲಿಲ್ಲ. ಕೋಳಿ ಅಂಗಡಿಯ ಹುಡುಗ ಬಂದು 10 ಗಂಟೆಗೆ ಕೊಯ್ದು, ಚರ್ಮ ಸುಲಿದು, ತುಂಡು ಮಾಡಿಕೊಟ್ಟ. ತೊಳೆದು ಮುಚ್ಚಿಟ್ಟೆವು. 12 ಗಂಟೆಗೆ ಮಸಾಲೆ ಹಾಕಿ ಕುಕ್ಕರ್‌ನಲ್ಲಿ ಮೂರು ಕೂಗು ಕೂಗಿಸಿದೆವು. ಬ್ರಾಯ್ಲರ್‌ಗೆ ಎರಡು ಸಾಕು, ಇದಕ್ಕೆ ಒಂದು ಜಾಸ್ತಿ ಇರಲಿ ಅಂತ. ತೊಡೆ ತುಂಡು ಸೈಕಲ್ ಟ್ಯೂಬಿನ ಹಾಗಿತ್ತು. ಮಾವ ಅದನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿ "ಸಾರು ಚೆನ್ನಾಗಿದೆ" ಅಂದರು.

ಇನ್ನೂ ನಾಲ್ಕು ಹುಂಜ ಇವೆ. ಯುಗಾದಿ ಹತ್ತಿರ ಬಂತು, ಮಾರನೇ ದಿನದ ಬಾಡೂಟಕ್ಕೆ, ಅದೇ ಹೊಸತೊಡಕಿಗೆ, ಮತ್ತೆ ಮಾವ ಬರುತ್ತಾರೆ. ಎಲ್ಲಿ ತಪ್ಪಿದೆವು ಹೇಳಿ. ಇನ್ನೊಂದು ತೊಂದರೆ: ನಾಲ್ಕರಲ್ಲಿ ಒಂದಕ್ಕೆ ಎಂಟು ವರ್ಷದ ಮಗಳು ಕೆಂಪಣ್ಣ ಅಂತ ಹೆಸರಿಟ್ಟಿದ್ದಾಳೆ.

ಮುದ್ದೆ ಕೋಲು, ಮಂಡ್ಯ

ಮೂರು ಕೂಗಾ? 14 ತಿಂಗಳ ಹುಂಜಕ್ಕಾ? ಅಣ್ಣ, ಅದು ಕುಕ್ಕರ್ ಒಳಗೆ ಬಿಸಿನೀರು ಸ್ನಾನ ಮಾಡಿ ಎದ್ದು ಬಂದಿದೆ ಅಷ್ಟೇ.

ತಮಾಷೆ ಬಿಡಿ. ಅಂಗಡಿಯ ಬ್ರಾಯ್ಲರ್‌ಗೆ ಆರು ವಾರ. ಅದು ಓಡಿಲ್ಲ, ಹಾರಿಲ್ಲ, ಜಗಳ ಆಡಿಲ್ಲ. ನಿಮ್ಮ ಹುಂಜ ವರ್ಷದ ಮೇಲೆ ಸೈಟೆಲ್ಲಾ ಕೆದಕಿ, ಕಾಂಪೌಂಡು ಹಾರಿ, ಅಣ್ಣತಮ್ಮಂದಿರ ಜೊತೆ ಕಿತ್ತಾಡಿ ಕಾಲು ಗಟ್ಟಿ ಮಾಡಿಕೊಂಡಿದೆ. ಎರಡೂ ಕೋಳಿಯೇ, ಆದರೆ ಒಂದೇ ಅಡುಗೆ ಅಲ್ಲ. ಕುಕ್ಕರ್‌ನಲ್ಲೇ ಮಾಡುವುದಾದರೆ ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ 30–35 ನಿಮಿಷ ಬಿಡಿ. ಕೂಗು ಎಣಿಸಬೇಡಿ, ಗಡಿಯಾರ ನೋಡಿ. ಪಾತ್ರೆಯಲ್ಲಾದರೆ ಒಂದೂವರೆ ಗಂಟೆಗೆ ಕಡಿಮೆ ಇಲ್ಲ.

ಮತ್ತೆ ಚರ್ಮ ಯಾಕೆ ಸುಲಿಸಿದಿರಿ? ನಾಟಿ ಕೋಳಿಯ ರುಚಿಯೆಲ್ಲ ಆ ಚರ್ಮ, ಅದರ ಕೆಳಗಿನ ಹಳದಿ ಕೊಬ್ಬಿನಲ್ಲಿ ಇರೋದು.

ಒಡ್ಡಿ ಕಾಯುವವಳು, ಕೊಪ್ಪ

ಚರ್ಮ ಸುಲಿದರು ಅಂತ ಓದಿ ಹೊಟ್ಟೆ ಉರಿಯಿತು. ನಮ್ಮ ಕಡೆ ಹೀಗೆ ಮಾಡುತ್ತೇವೆ. ಹಂಡೆಯ ನೀರು ಕುದಿಯುತ್ತಿರಬಾರದು, ಬೆರಳು ಅದ್ದಿದ ತಕ್ಷಣ ಎಳೆದುಕೊಳ್ಳುವಷ್ಟು ಬಿಸಿ ಇದ್ದರೆ ಸಾಕು. ಕಾಲು ಹಿಡಿದು ಅರ್ಧ ನಿಮಿಷ ಮುಳುಗಿಸಿ, ಒಮ್ಮೆ ತಿರುಗಿಸಿ, ರೆಕ್ಕೆಯ ಒಂದು ದೊಡ್ಡ ಗರಿ ಎಳೆದು ನೋಡಿ. ಸಲೀಸಾಗಿ ಬಂದರೆ ಹೊರಗೆ ತೆಗೆಯಿರಿ. ಕುದಿಯುವ ನೀರಾದರೆ ಚರ್ಮ ಬೆಂದು, ಪುಕ್ಕದ ಜೊತೆ ಕಿತ್ತು ಬರುತ್ತದೆ. ಪುಕ್ಕ ತರಿದ ಮೇಲೆ ಮೈಗೆಲ್ಲ ಅರಿಸಿನ ಹಚ್ಚಿ, ಒಣ ಹುಲ್ಲಿನ ಉರಿಯಲ್ಲಿ ತಿರುಗಿಸಿ ತಿರುಗಿಸಿ ಸುಡಬೇಕು. ಸಣ್ಣ ಕೂದಲೆಲ್ಲ ಹೋಗಿ, ಚರ್ಮ ಬಿಗಿದು, ಹಳದಿ ಮೈ ಮೇಲೆ ಅಲ್ಲಲ್ಲಿ ಕಂದು ಮಚ್ಚೆ ಬೀಳುತ್ತದೆ. ಆ ವಾಸನೆಗೇ ಬೀದಿ ನಾಯಿಗಳೆಲ್ಲ ಹಾಜರಿ ಹಾಕುತ್ತವೆ. ಪೇಟೆಯಲ್ಲಿ ಹುಲ್ಲಿಲ್ಲದಿದ್ದರೆ ಗ್ಯಾಸ್ ಒಲೆಯ ಮೇಲೇ ಸುಡಬಹುದು, ಒಲೆ ತೊಳೆಯುವವರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ.

ಕರುಳು ತೆಗೆಯುವಾಗ ಪಿತ್ತ ಹುಷಾರು. ಕಾರ್ಜದ, ಅಂದರೆ ಲಿವರಿನ, ಬೆನ್ನಿಗೆ ಅಂಟಿಕೊಂಡ ಹಸಿರು ಚೀಲ. ಅದು ಒಡೆದರೆ ಆ ಜಾಗವನ್ನೆಲ್ಲ ಕತ್ತರಿಸಿ ಬಿಸಾಡಬೇಕು, ಎಷ್ಟು ತೊಳೆದರೂ ಕಹಿ ಹೋಗುವುದಿಲ್ಲ.

ನಿವೃತ್ತ ಪಶುವೈದ್ಯ, ಹಾಸನ

ಇಬ್ಬರು ಹೇಳಿದ್ದೂ ಸರಿ. ಇನ್ನೊಂದು ತಪ್ಪು ಯಾರ ಕಣ್ಣಿಗೂ ಬಿದ್ದಿಲ್ಲ. 10ಕ್ಕೆ ಕೊಯ್ದು 12ಕ್ಕೆ ಬೇಯಿಸಿದ್ದು.

ಕೊಯ್ದ ಸ್ವಲ್ಪ ಹೊತ್ತಿಗೆ ಮಾಂಸ ಸೆಟೆದುಕೊಳ್ಳಲು ಶುರುವಾಗುತ್ತದೆ. ಒಂದೆರಡು ಗಂಟೆಗೆ ಪೂರ್ತಿ ಬಿಗಿದಿರುತ್ತದೆ. ಆಮೇಲೆ ನಿಧಾನವಾಗಿ ತಾನಾಗಿಯೇ ಸಡಿಲ ಆಗುತ್ತದೆ. ನೀವು ಸರಿಯಾಗಿ ಬಿಗಿದ ಹೊತ್ತಿನಲ್ಲೇ ಒಲೆಗೆ ಇಟ್ಟಿದ್ದೀರಿ. ಹಳ್ಳಿಯಲ್ಲಿ ಅಜ್ಜಿಯರು ನೆಂಟರು ಬಂದ ಮೇಲೆ ಕೋಳಿ ಹಿಡಿದು, ಬಿಸಿ ಆರುವ ಮೊದಲೇ ಒಲೆಗೆ ಹಾಕುತ್ತಿದ್ದರು. ಅದು ಒಂದು ದಾರಿ. ಇನ್ನೊಂದು, ಹಿಂದಿನ ದಿನ ಸಂಜೆ ಕೊಯ್ದು, ಶುಚಿ ಮಾಡಿ, ಇಡೀ ಕೋಳಿಯನ್ನೇ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ರಾತ್ರಿ ಇಡುವುದು. ಫ್ರೀಜರ್‌ನಲ್ಲಿ ಅಲ್ಲ. ಬೆಳಿಗ್ಗೆ ತೊಡೆ ಹಿಡಿದು ಅಲ್ಲಾಡಿಸಿದರೆ ಸಲೀಸಾಗಿ ಆಡಬೇಕು, ಆಗ ತುಂಡು ಮಾಡಿ.

ವಯಸ್ಸಾದಂತೆ ಮಾಂಸವನ್ನು ಕಟ್ಟಿಹಿಡಿಯುವ ನಾರು ಗಟ್ಟಿಯಾಗುತ್ತದೆ. ಅದು ಕರಗುವುದು ಸಣ್ಣ ಉರಿಯಲ್ಲಿ, ನೀರಿನಲ್ಲಿ, ಹೊತ್ತು ಕೊಟ್ಟರೆ. ಕರಗಿದ ಆ ನಾರೇ ಸಾರಿಗೆ ತುಟಿ ಅಂಟುವ ಗುಣ ಕೊಡುವುದು.

ಅಂದ ಹಾಗೆ, ಲಸಿಕೆ ಹಾಕಿಸಿದ್ದೀರಾ?

ನಾಲ್ಕನೇ ಮಹಡಿ, ಬೆಂಗಳೂರು

ನಮಗೆ ಕೋಳಿ ಸಾಕುವ ಭಾಗ್ಯ ಇಲ್ಲ. ಆದರೆ ನಮ್ಮ ಏರಿಯಾದ ಅಂಗಡಿಯಲ್ಲಿ "ನಾಟಿ" ಅಂತ ಕೊಡುವುದು ಎರಡೇ ಕೂಗಿಗೆ ಬೇಯುತ್ತದೆ. ಹಾಗಾದರೆ ಅದು ಏನು?

ಮುದ್ದೆ ಕೋಲು, ಮಂಡ್ಯ

ಅದು ಬಣ್ಣ ಹಚ್ಚಿದ ಸುಳ್ಳು ಅಕ್ಕ.

ನಿವೃತ್ತ ಪಶುವೈದ್ಯ, ಹಾಸನ

ಪೂರ್ತಿ ಸುಳ್ಳು ಅನ್ನಬೇಡಿ. ಬಣ್ಣದ ಪುಕ್ಕದ ಕೋಳಿಯೆಲ್ಲ ನಾಟಿ ಅಲ್ಲ, ಅಷ್ಟೇ. ಗಿರಿರಾಜ, ಸ್ವರ್ಣಧಾರ ನಮ್ಮ ಹೆಬ್ಬಾಳದಲ್ಲಿ ಆದ ತಳಿಗಳು. ಕಾವೇರಿ ಹೆಸರಘಟ್ಟದ್ದು. ವನರಾಜ, ಗ್ರಾಮಪ್ರಿಯ ಹೈದರಾಬಾದಿನವು. ಹಿತ್ತಲಲ್ಲಿ ಸಾಕಲಿ ಅಂತಲೇ ಮಾಡಿದ ಒಳ್ಳೆ ತಳಿಗಳು. ಬೇಗ ತೂಕ ಬರುತ್ತದೆ. ನಾಟಿ ಹೇಂಟೆ ವರ್ಷಕ್ಕೆ ಅರವತ್ತೋ ಎಂಬತ್ತೋ ಮೊಟ್ಟೆ ಇಟ್ಟರೆ ಇವು ನೂರು ದಾಟುತ್ತವೆ. ಶೆಡ್ಡಿನಲ್ಲಿ ಕೂಡಿಹಾಕಿ, ಫೀಡ್ ತಿನ್ನಿಸಿ ಬೆಳೆಸಿ "ನಾಟಿ" ಅಂತ ಮಾರುವುದು ಮಾತ್ರ ಮೋಸ.

ಒಂದು ಕೊರತೆ ಹೇಳಬೇಕು. ಗಿರಿರಾಜ ಹೇಂಟೆ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಗೂ ನಾಟಿ ಹೇಂಟೆಯೇ ಬೇಕು.

ಒಡ್ಡಿ ಕಾಯುವವಳು, ಕೊಪ್ಪ

ನಮ್ಮನೆಯಲ್ಲಿ ಅದೇ ಕೆಲಸಕ್ಕೆ ಒಬ್ಬಳಿದ್ದಾಳೆ. ಮೈ ಮೇಲೆ ಅರ್ಧ ಪುಕ್ಕ ಇಲ್ಲ, ನೋಡಲು ಏನೂ ಚೆಂದ ಇಲ್ಲ. ಆದರೆ ಕಾವಿಗೆ ಕೂತಳು ಅಂದರೆ ಮಳೆ ಬರಲಿ ಸಿಡಿಲು ಬರಲಿ ಕದಲುವುದಿಲ್ಲ. ಯಾರ ಮೊಟ್ಟೆ ಇಟ್ಟರೂ ಮರಿ ಮಾಡಿಕೊಡುತ್ತಾಳೆ, ಒಮ್ಮೆ ಬಾತುಕೋಳಿ ಮೊಟ್ಟೆ ಇಟ್ಟಿದ್ದೆವು. ಮರಿಗಳು ತೋಟದ ಹೊಂಡಕ್ಕೆ ಇಳಿದ ದಿನ ಇವಳು ದಡದಲ್ಲಿ ಓಡಾಡಿ ಕೂಗಿದ್ದು ನೋಡಲಾಗಲಿಲ್ಲ ಮಾರಾಯ್ರೆ.

ಕಾವಿಗೆ ಇಡುವವರಿಗೆ: ವಾರಕ್ಕಿಂತ ಹಳೆಯ ಮೊಟ್ಟೆ ಬೇಡ. ತೊಳೆದ ಮೊಟ್ಟೆ ಬೇಡ. ಬುಟ್ಟಿಗೆ ಬೂದಿ, ಅದರ ಮೇಲೆ ಒಣ ಹುಲ್ಲು. ಬೂದಿ ಇಲ್ಲದಿದ್ದರೆ ಹೇನು ಹತ್ತಿ ಹೇಂಟೆ ಅರ್ಧಕ್ಕೇ ಎದ್ದು ಹೋಗುತ್ತದೆ. ರಾತ್ರಿ ಹೊತ್ತು ಕೂರಿಸಿ. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ನೋಡಿ. ಒಳಗೆ ಜೇಡದ ಹಾಗೆ ಕೆಂಪು ಗೆರೆ ಹರಡಿದ್ದರೆ ಮರಿ ಇದೆ. ಬರೀ ಹಳದಿ ಬೆಳಕು ಕಂಡರೆ ತೆಗೆದುಬಿಡಿ. 21ನೇ ದಿನ ಮರಿ ಹೊರಬರುತ್ತದೆ. ಚಿಪ್ಪು ಒಡೆಯಲು ಕಷ್ಟಪಡುತ್ತಿದೆ ಅಂತ ಕನಿಕರಕ್ಕೆ ನೀವು ಬಿಡಿಸಲು ಹೋಗಬೇಡಿ.

ನಮ್ಮತ್ತೆ ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು, ಇದ್ದಿಲು ಇಡುತ್ತಾರೆ, ಸಿಡಿಲಿಗೆ ಮೊಟ್ಟೆ ಕೆಡಬಾರದು ಅಂತ. ಮೊಟ್ಟೆ ಲೆಕ್ಕವೂ ಬೆಸ ಇರಬೇಕು. ನಾನು ವಾದ ಮಾಡುವುದಿಲ್ಲ. ನೀವೂ 11 ಇಟ್ಟಿದ್ದೀರಲ್ಲ!

ತತ್ತಿ ತಮ್ಮ, ವಿಜಯಪುರ

ನಮ್ಮ ಕಡೆ ಬಿಸಿಲೇ ದೊಡ್ಡ ಶತ್ರು ರೀ. ಏಪ್ರಿಲ್‌ನಾಗ ಮಧ್ಯಾಹ್ನ ಕೋಳಿ ಬಾಯಿ ತಕ್ಕೊಂಡು ರೆಕ್ಕಿ ಬಿಟ್ಟು ನಿಂತು ಬಿಡ್ತಾವ. ಬೇವಿನ ಮರದ ಕೆಳಗೆ ಮಣ್ಣಿನ ತಟ್ಟೆಯಲ್ಲಿ ನೀರು ಇಟ್ಟು ದಿನಕ್ಕೆ ಮೂರು ಸಲ ಬದಲಿಸುತ್ತೇನೆ.

ಮರಿಗಳ ಮೇವಿಗೆ ನಮ್ಮ ಅಪ್ಪ ಮಾಡುತ್ತಿದ್ದ ಕೆಲಸ ಹೇಳುತ್ತೇನೆ. ಹಳೆ ಗಡಿಗೆಗೆ ಒಣ ಸಗಣಿ, ಜೋಳದ ದಂಟಿನ ಚೂರು, ಹರಿದ ಗೋಣಿ ತುಂಬಿ ನೀರು ಚಿಮುಕಿಸಿ, ಗೆದ್ದಲು ಇರುವ ಜಾಗದಲ್ಲಿ ಸಂಜೆ ಬೋರಲು ಹಾಕುವುದು. ಬೆಳಿಗ್ಗೆ ಎತ್ತಿದರೆ ಗಡಿಗೆ ತುಂಬ ಗೆದ್ದಲು. ಮರಿಗಳ ಮುಂದೆ ಕೊಡವಿದರೆ ಎರಡು ನಿಮಿಷದಲ್ಲಿ ಖಾಲಿ. ಕೈ ಹಿಡಿ ಜೋಳದ ನುಚ್ಚು, ಮನೆಯ ಉಳಿದ ರೊಟ್ಟಿ, ಸೊಪ್ಪು. ತತ್ತಿ ಇಡುವ ಕೋಳಿಗೆ ಮಾತ್ರ ಸುಣ್ಣದ ಅಂಶ ಬೇಕು, ತತ್ತಿ ಸಿಪ್ಪೆಯನ್ನೇ ಒಣಗಿಸಿ ಪುಡಿ ಮಾಡಿ ಹಾಕಿ. ಸಿಪ್ಪೆಯನ್ನು ಇಡಿಯಾಗಿ ಹಾಕಿದರೆ ತತ್ತಿ ಒಡೆದು ಕುಡಿಯೋ ಚಟ ಹತ್ತುತ್ತದೆ.

ಸಮುದ್ರದಾಚೆ ಗೂಡು, ಮೆಲ್ಬರ್ನ್

ಕುಣಿಗಲ್ ಕಡೆಯವಳು, ಈಗ ಇಲ್ಲಿದ್ದೇನೆ. ಹಿತ್ತಲಲ್ಲಿ ನಾಲ್ಕು ಹೇಂಟೆ. ನಮ್ಮ ಕೌನ್ಸಿಲ್‌ನವರು ಹುಂಜ ಇಟ್ಟುಕೊಳ್ಳಲು ಬಿಡುವುದಿಲ್ಲ. ಐದು ಹುಂಜ ಕೂಗುತ್ತವೆ ಅಂತ ನೀವು ಬೇಸರಪಟ್ಟಿದ್ದು ಓದಿ ನನಗೆ ಊರು ನೆನಪಾಗಿ ಸುಮ್ನೆ ಕೂತುಬಿಟ್ಟೆ.

ಕುಂದಾಪ್ರ ಕೋಳಿ

ಹಂಗಾರೆ ಎಲ್ಲರೂ ಸಾರಿಗೇ ಹಾಕುವುದಾ? ನಮ್ಮಲ್ಲಿ ಕೋಳಿ ನೋಡಿ ಅಡುಗೆ. ಇನ್ನೂ ಸರಿಯಾಗಿ ಕೂಗಲು ಬಾರದ ಐದಾರು ತಿಂಗಳ ಹುಂಜ, ಮೊಟ್ಟೆಗೆ ಬಾರದ ಹ್ಯಾಟೆ ಇದ್ದರೆ ಸುಕ್ಕ. ತೆಂಗಿನಕಾಯಿ ಹುರಿದು ಒಣ ಒಣ ಮಾಡಿ ನೀರುದೋಸೆ ಜೊತೆ. ವರ್ಷ ದಾಟಿದರೆ ಗಸಿ, ಅಂದರೆ ಕಾಯಿ ಅರೆದ ಗಟ್ಟಿ ಸಾರು, ರೊಟ್ಟಿ ಜೊತೆ. ಎರಡು ವರ್ಷದ ಹೇಂಟೆಯನ್ನು ಸುಕ್ಕ ಮಾಡಲು ಹೊರಟರೆ ಬೆಂಕಿ ಮುಗಿಯುತ್ತದೆ, ಕೋಳಿ ಬೇಯುವುದಿಲ್ಲ.

ವಯಸ್ಸು ತಿಳಿಯಲು ಎದೆಮೂಳೆಯ ಹಿಂದಿನ ತುದಿ ಒತ್ತಿ ನೋಡಿ. ಮೆತ್ತಗೆ ಬಗ್ಗಿದರೆ ಎಳೆಯದು. ಕಡ್ಡಿಯ ಹಾಗೆ ಗಟ್ಟಿ ಇದ್ದರೆ ಬಲಿತದ್ದು. ಹುಂಜ ಆದರೆ ಕಾಲಿನ ಮುಳ್ಳೇ ಹೇಳುತ್ತದೆ.

ಹಿತ್ತಲ ಬಾಗಿಲು, ತುಮಕೂರು

ಈಗಷ್ಟೇ ಹೋಗಿ ನಾಲ್ಕರ ಎದೆಯನ್ನೂ ಒತ್ತಿ ಬಂದೆ. ನಾಲ್ಕೂ ಕಡ್ಡಿ. ಮುಳ್ಳು ನನ್ನ ಕಿರುಬೆರಳಿನ ಒಂದು ಗೆಣ್ಣಿನಷ್ಟಿದೆ, ಒಂದು ಕೈಗೆ ಗೀರಿತು.

ಮುದ್ದೆ ಕೋಲು ಅಕ್ಕ, ನಿಮ್ಮ ಸಾರಿನ ಕ್ರಮ ಪೂರ್ತಿ ಬರೆಯಿರಿ.

ಮುದ್ದೆ ಕೋಲು, ಮಂಡ್ಯ

ಬರ್ಕೊಳ್ಳಿ. ಅಳತೆ ಕೇಳಬೇಡಿ, ಒಂದು ಕೋಳಿಗೆ ಅಂದಾಜು ಹೇಳುತ್ತೇನೆ.

ದಪ್ಪ ತಳದ ಪಾತ್ರೆಗೆ ಒಂದು ಚಮಚ ಎಣ್ಣೆ ಸಾಕು, ಕೋಳಿಯ ಕೊಬ್ಬೇ ಬಿಡುತ್ತದೆ. ಜಜ್ಜಿದ ಸಾಂಬಾರ್ ಈರುಳ್ಳಿ ಒಂದು ಹಿಡಿ, ಅರಿಸಿನ, ಕಲ್ಲುಪ್ಪು, ಮಾಂಸ. ನೀರು ಹಾಕಬಾರದು. ಮುಚ್ಚಿ ಸಣ್ಣ ಉರಿಯಲ್ಲಿ ಬಿಡಿ. ಮಾಂಸ ತನ್ನ ನೀರು ತಾನೇ ಬಿಟ್ಟುಕೊಳ್ಳುತ್ತದೆ, ಆ ನೀರಲ್ಲೇ ಬೇಯುತ್ತಾ ಬೇಯುತ್ತಾ ಇಂಗುತ್ತದೆ. ಕೊನೆಗೆ ಪಾತ್ರೆಯಿಂದ ಚಟಚಟ ಸದ್ದು ಬರುತ್ತದೆ. ಆ ಸದ್ದಿಗೆ ಕಾಯಬೇಕು. ಅದಕ್ಕೆ ಮೊದಲು ನೀರು ಹಾಕಿದರೆ ಹಸಿ ವಾಸನೆ ಉಳಿಯುತ್ತದೆ. ಸದ್ದು ಬಂದ ಮೇಲೆ ಬಿಸಿನೀರು ಹಾಕಿ. ತಣ್ಣೀರು ಬೇಡ. ಮುಕ್ಕಾಲು ಬೇಯುವವರೆಗೆ ಮಸಾಲೆ ಹಾಕುವ ಹಾಗಿಲ್ಲ. ನೀವು ಮಸಾಲೆ ಮೊದಲೇ ಹಾಕಿ ಕೂಗಿಸಿದ್ದು ಇನ್ನೊಂದು ತಪ್ಪು.

ಮಸಾಲೆಗೆ ಧನಿಯ, ಬ್ಯಾಡಗಿ, ಎರಡು ಗುಂಟೂರು, ಮೆಣಸು, ಚಕ್ಕೆ ಲವಂಗ ಸ್ವಲ್ಪವೇ. ಇವನ್ನು ಹುರಿದುಕೊಳ್ಳಿ. ಒಂದು ಗೆಡ್ಡೆ ಬೆಳ್ಳುಳ್ಳಿ, ಶುಂಠಿ, ಕೆಂಡದ ಮೇಲೆ ಸುಟ್ಟ ಎರಡು ಈರುಳ್ಳಿ, ಒಂದು ಚಮಚ ಗಸಗಸೆ, ಅರ್ಧ ಹೋಳು ಕಾಯಿ. ನುಣ್ಣಗೆ ರುಬ್ಬಿ. ಸಾರು ತೆಳ್ಳಗಿರಬೇಕು, ಮುದ್ದೆ ಮುಳುಗಬೇಕು. ಗಟ್ಟಿ ಮಾಡಿದರೆ ಅದು ಹೋಟೆಲ್ ಗ್ರೇವಿ. ಕಾರ್ಜ ಕೊನೆಯ ಹತ್ತು ನಿಮಿಷಕ್ಕೆ ಹಾಕಿ.

ತೀರಾ ಬಲಿತ ಕೋಳಿ ಆದರೆ ಹಸಿ ಪರಂಗಿಕಾಯಿಯ ಎರಡು ತುಂಡು, ಸಿಪ್ಪೆ ಸಮೇತ, ಮೊದಲೇ ಹಾಕಿ. ಬೆಂದ ಮೇಲೆ ತೆಗೆದುಹಾಕಿ.

ಕುಂದಾಪ್ರ ಕೋಳಿ

ಪರಂಗಿಕಾಯಿ ಹಾಕಿದರೆ ಮಾಂಸ ಹಿಟ್ಟಾಗುತ್ತದೆ. ಹೊತ್ತು ಕೊಡಲಾಗದವರ ಉಪಾಯ ಅದು.

ಮುದ್ದೆ ಕೋಲು, ಮಂಡ್ಯ

ನನಗೆ ಬೆಳಿಗ್ಗೆ ಡ್ಯೂಟಿ ಇರುತ್ತದೆ, ಹೊತ್ತು ಎಲ್ಲಿಂದ ತರಲಿ ಅಣ್ಣ?

ಗೌಡರ ಹಟ್ಟಿ, ಮೈಸೂರು

ಹೇಂಟೆ ಕೊಯ್ದಾಗ ಒಳಗೆ ಸಿಗುವ ಎಳೆ ಮೊಟ್ಟೆಯ ಗೊಂಚಲು ಯಾರೂ ಹೇಳಲೇ ಇಲ್ಲವಲ್ಲ! ದ್ರಾಕ್ಷಿಯಷ್ಟು ದೊಡ್ಡದು, ಆಮೇಲೆ ಕಡಲೆಕಾಳು, ಆಮೇಲೆ ಸಾಸಿವೆ. ಚಿಪ್ಪಿಲ್ಲದ ಬರೀ ಹಳದಿ. ಸಾರಿನಲ್ಲಿ ಬೆಂದ ಆ ದೊಡ್ಡದಕ್ಕೆ ನಾವು ಮೂರು ಜನ ಅಣ್ಣತಮ್ಮಂದಿರು ಕುಸ್ತಿ ಆಡಿದ್ದೇವೆ. ಅಮ್ಮ ಕೊನೆಗೆ ಅಪ್ಪನ ತಟ್ಟೆಗೆ ಹಾಕಿಬಿಡುತ್ತಿದ್ದರು.

ಒಂದು ಬೇಸರದ ಮಾತೂ ಇದೆ. 2020ರ ಮಾರ್ಚ್‌ನಲ್ಲಿ ನಮ್ಮ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಬಂತು. ಸುತ್ತಮುತ್ತಲ ಕೋಳಿಯನ್ನೆಲ್ಲ ಕೊಂದು ಹೂಳಿದರು, ಮನೆಯಲ್ಲಿ ಸಾಕಿದ್ದನ್ನೂ ಬಿಡಲಿಲ್ಲ. ಅಲ್ಲಿದ್ದ ನಮ್ಮ ನೆಂಟರೊಬ್ಬರು ಆಮೇಲೆ ಕೋಳಿ ಸಾಕಲಿಲ್ಲ. ಗೂಡು ಈಗಲೂ ಇದೆ, ಸೌದೆ ತುಂಬಿಸಿದ್ದಾರೆ.

ನಿವೃತ್ತ ಪಶುವೈದ್ಯ, ಹಾಸನ

ಅದಕ್ಕೇ ಹೇಳುವುದು, ಇದ್ದಕ್ಕಿದ್ದಂತೆ ಒಂದರ ಹಿಂದೆ ಒಂದು ಸಾಯತೊಡಗಿದರೆ ಕೊಯ್ದು ತಿನ್ನಬೇಡಿ, ಮಾರಲೂಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. "ಸಾಯುವ ಮೊದಲು ಕೊಯ್ದುಬಿಡೋಣ" ಅನ್ನುವ ಬುದ್ಧಿ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಔಷಧ ಕೊಟ್ಟ ಕೋಳಿಯನ್ನೂ ಅಷ್ಟೇ, ಸೀಸೆಯ ಮೇಲೆ ಬರೆದಷ್ಟು ದಿನ ಬಿಟ್ಟು ತಿನ್ನಬೇಕು.

ಹಿತ್ತಲ ಕೋಳಿಗೆ ಹೆಚ್ಚಾಗಿ ಬರುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಭೇದಿ, ಕುತ್ತಿಗೆ ತಿರುಚುವುದು, ರೆಕ್ಕೆ ಕಾಲು ಸೋಲುವುದು. ಬಂದ ಮೇಲೆ ಮದ್ದಿಲ್ಲ. ಮರಿಗೆ ಮೊದಲ ವಾರ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರದ ಹೊತ್ತಿಗೆ ಇನ್ನೊಮ್ಮೆ, ಎಂಟು ವಾರಕ್ಕೆ ರೆಕ್ಕೆಯ ಚರ್ಮದ ಕೆಳಗೆ ಸೂಜಿ. ಲಸಿಕೆಯನ್ನು ಮಂಜುಗಡ್ಡೆಯಲ್ಲೇ ತರಬೇಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು.

ತುಮಕೂರಿನವರೇ, ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಇನ್ನು ನಿಮ್ಮ ಮಗಳ ಕೆಂಪಣ್ಣ. ಅವನೂ ಆ ಮೂರು ಎಳೆ ಹೇಂಟೆಗಳೂ ಒಂದೇ ತಾಯಿ ಮಕ್ಕಳು. ಅವನನ್ನೇ ಇಟ್ಟುಕೊಂಡರೆ ಮುಂದಿನ ಮರಿಗಳು ಸೊರಗುತ್ತವೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಬೇರೆ ಊರಿನವರ ಜೊತೆ ಹುಂಜ ಅದಲು ಬದಲು ಮಾಡಿಕೊಳ್ಳಿ. ಕೆಂಪಣ್ಣ ಸಾರಿಗೂ ಹೋಗುವುದಿಲ್ಲ, ನಿಮ್ಮಲ್ಲೂ ಇರುವುದಿಲ್ಲ.

ಒಡ್ಡಿ ಕಾಯುವವಳು, ಕೊಪ್ಪ

ಹೆಸರಿಟ್ಟ ಕೋಳಿಯನ್ನು ಮಕ್ಕಳ ಕಣ್ಣೆದುರು ಕೊಯ್ಯಬೇಡಿ. "ಕಳೆದು ಹೋಯಿತು" ಅಂತ ಸುಳ್ಳೂ ಹೇಳಬೇಡಿ. ನನಗೆ ಏಳು ವರ್ಷ ಇದ್ದಾಗ ಹಾಗೆ ಹೇಳಿದ್ದರು. ಎರಡು ದಿನ ತೋಟದಲ್ಲಿ ಹುಡುಕಿದ್ದೆ. ಮೂರನೇ ದಿನ ಬಚ್ಚಲ ಹಿಂದೆ ಅದರ ಬಾಲದ ಗರಿ ಸಿಕ್ಕಿತು. ಹಬ್ಬದ ದಿನ ಕಡುಬಿನ ಜೊತೆ ನಾನೇ ಎರಡು ಸಲ ಬಡಿಸಿಕೊಂಡಿದ್ದೆ.

ತತ್ತಿ ತಮ್ಮ, ವಿಜಯಪುರ

ಅಕ್ಕಾ, ಇದನ್ನ ಓದಿದ ಮ್ಯಾಲೆ ಇವತ್ತು ಬ್ಯಾಳಿ ಮಾಡಂತ ಹೇಳೀನಿ ಮನ್ಯಾಗ.

ಹಿತ್ತಲ ಬಾಗಿಲು, ತುಮಕೂರು

ಹೊಸತೊಡಕು ಮುಗಿಯಿತು. ವರದಿ ಒಪ್ಪಿಸುತ್ತೇನೆ.

ಹಬ್ಬದ ಸಂಜೆಯೇ ಒಂದನ್ನು ಕೊಯ್ದು, ಪುಕ್ಕ ತರಿದು, ಅರಿಸಿನ ಹಚ್ಚಿ ಗ್ಯಾಸ್ ಒಲೆಯ ಮೇಲೆ ಸುಟ್ಟೆವು. ಒಲೆ ತೊಳೆದಿದ್ದು ನಾನೇ. ರಾತ್ರಿ ಫ್ರಿಜ್ಜಿನಲ್ಲಿತ್ತು. ಬೆಳಿಗ್ಗೆ ತೊಡೆ ಹಿಡಿದು ಅಲ್ಲಾಡಿಸಿದೆ, ಡಾಕ್ಟ್ರು ಹೇಳಿದ ಹಾಗೇ ಸಲೀಸಾಗಿ ಆಡಿತು. ಕುಕ್ಕರ್ ಮುಟ್ಟಲಿಲ್ಲ. ಚಟಚಟ ಸದ್ದಿಗೆ 25 ನಿಮಿಷ ಕಾದೆವು, ಹೆಂಡತಿ ಎರಡು ಸಲ ನೀರು ಹಾಕಲು ಬಂದಳು, ತಡೆದೆ. ಆಮೇಲೆ ಬಿಸಿನೀರು, ಒಂದೂವರೆ ಗಂಟೆ. ಪರಂಗಿಕಾಯಿ ಹಾಕಲಿಲ್ಲ. ಮೂಳೆಯಿಂದ ಮಾಂಸ ಬಿಟ್ಟು ಬರುತ್ತಿತ್ತು, ಆದರೂ ಅಗಿಯಲು ಏನೋ ಉಳಿದಿತ್ತು. ಮಾವ ಮಾತಾಡಲಿಲ್ಲ. ಎರಡನೇ ಮುದ್ದೆ ಹಾಕಿಸಿಕೊಂಡರು.

ಎದುರು ಮನೆ ಮೇಷ್ಟ್ರಿಗೂ ಒಂದು ಡಬ್ಬಿ ಕಳಿಸಿದೆವು. ಡಬ್ಬಿ ತೊಳೆದು, ಒಳಗೆ ನಾಲ್ಕು ಒಬ್ಬಟ್ಟು ಇಟ್ಟು ವಾಪಸ್ ಕೊಟ್ಟರು.

ಕೆಂಪಣ್ಣನನ್ನು ಅತ್ತೆಯ ತಂಗಿಯ ಊರಿಗೆ, ಗುಬ್ಬಿ ಹತ್ತಿರ, ಬಿಟ್ಟು ಬಂದೆವು. ಮಗಳೇ ಮಂಕರಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬದಲಿಗೆ ಒಂದು ಕಪ್ಪು ಹುಂಜ ಬಂದಿದೆ, ಇನ್ನೂ ಹೆಸರಿಲ್ಲ. ಉಳಿದ ಎರಡು ಹುಂಜಗಳ ವಿಚಾರ ಮಾರ್ಚ್ ಮುಗಿಯಲಿ, ನೋಡೋಣ.

ನಿವೃತ್ತ ಪಶುವೈದ್ಯ, ಹಾಸನ

ಒಳ್ಳೆಯದು. ಕಪ್ಪು ಹುಂಜವನ್ನು ನೇರ ಉಳಿದವುಗಳ ಜೊತೆ ಬಿಟ್ಟಿರಾ? ಹೊಸದನ್ನು ಎರಡು ವಾರ ಬೇರೆಯೇ ಕಟ್ಟಿಹಾಕಬೇಕಿತ್ತು. ಮತ್ತೆ, ಲಸಿಕೆ?

ಹಿತ್ತಲ ಬಾಗಿಲು, ತುಮಕೂರು

ತಪ್ಪೊಪ್ಪಿಗೆ ಡಾಕ್ಟ್ರೇ. ಹಾಕಿಸಿರಲಿಲ್ಲ. ಮೊನ್ನೆ ಪಶು ಆಸ್ಪತ್ರೆಗೆ ಹೋಗಿ ಕೇಳಿದೆ. ಒಂದು ಸೀಸೆ ಒಡೆದರೆ 100 ಕೋಳಿಗೆ ಆಗುತ್ತದಂತೆ, ನಮ್ಮಲ್ಲಿ ಇರುವುದು ಏಳು. ಬೀದಿ ಬೀದಿ ತಿರುಗಿ ಎಣಿಸಿದೆ. ಹಿಂದಿನ ಬೀದಿಯ ಅಜ್ಜಿಯ ಮನೆಯಲ್ಲೇ 19 ಇವೆ, ಎಲ್ಲ ಸೇರಿ 46. ಶನಿವಾರ ಬೆಳಿಗ್ಗೆ 6ಕ್ಕೆ ಆಸ್ಪತ್ರೆಯವರು ಬರುತ್ತಾರೆ. ಅವತ್ತು ಅವರು ಬರುವವರೆಗೆ ಯಾರೂ ಗೂಡಿನ ಬಾಗಿಲು ತೆಗೆಯಬೇಡಿ ಅಂತ ಹೇಳಿ ಬಂದಿದ್ದೇನೆ. ಕಪ್ಪು ಹುಂಜ ಈಗ ಬಚ್ಚಲಿನಲ್ಲಿದೆ.